ಏರ್‌ಪೋರ್ಟ್ ಹಿಂದಿನ ಪ್ಲಾಟು: ಗದಗಿನ ಮಾಸ್ತರರಿಗೆ ಒಂದು ಉತ್ತರ

ಪ್ರಶ್ನೆ: "ಸರ್, ನಮಸ್ಕಾರ. ನಾನು ಗದಗಿನಾಗ ಹೈಸ್ಕೂಲ್ ಮಾಸ್ತರಾಗಿ ರಿಟೈರ್ ಆದಾಂವ. ಮುಳಗುಂದದ ಕಡೆ ಎರಡೂವರಿ ಎಕರೆ ಎರಿ ಹೊಲ ಐತಿ. ಮಗಾ ಮುಂಬೈದಾಗ ನೌಕರಿ ಮಾಡ್ತಾನ. ಹೊಲ ಮಾರಿ ಹುಬ್ಬಳ್ಳಿ ಏರ್‌ಪೋರ್ಟ್ ಹಿಂದ, ಪಶ್ಚಿಮದ ಕಡೆ, ರನ್‌ವೇ ತುದಿಯಿಂದ ಒಂದೂವರಿ ಕಿಲೋಮೀಟರಿನ ಮ್ಯಾಲೆ ಥರ್ಟಿ-ಫಾರ್ಟಿ ಎರಡು ಪ್ಲಾಟು ತಗೋಬೇಕಂತ ವಿಚಾರ ಐತಿ. ಒಂದರಾಗ ಮನಿ, ಇನ್ನೊಂದು ಹಂಗ ಬಿಡೂದು. ಹೊಸ ಟರ್ಮಿನಲ್ ಆದ ಕೂಡಲೆ ಇಂಟರ್‌ನ್ಯಾಷನಲ್ ಆಗ್ತೈತಿ, ಎರಡು ವರ್ಷದಾಗ ರೇಟು ಡಬಲ್ ಅಂತ ಏಜಂಟ್ ಹೇಳ್ತಾನ. ನಮ್ಮ ಅಳಿಯ ಬ್ಯಾಡ ಅಂತಾನ. ವಿಮಾನದ ಸಪ್ಪಳಕ್ಕ ಗೋಡಿ ಸೀಳ್ತಾವು, ನಾಳೆ ರನ್‌ವೇ ಉದ್ದ ಮಾಡಾಕ ಜಾಗಾನ ಕಸಗೋತಾರ, ಮ್ಯಾಲಿನ ಮಜಲಾ ಕಟ್ಟಾಕ ಪರ್ಮಿಶನ್ ಸಿಗೂದಿಲ್ಲ ಅಂತಾನ. ನಮ್ಮ ಕಾಕಾ ಒಬ್ರು, ಅದು ಬ್ರಿಟಿಷರ ಕಾಲದ ಏರ್‌ಪೋರ್ಟು, ಎಷ್ಟೋ ಸರೆ ವಿಮಾನ ಬಂದ್ ಆಗ್ಯಾವು, ಚಾಲೂ ಆಗ್ಯಾವು, ಅದನ್ನ ನಂಬಬ್ಯಾಡ ಅಂತಾರ. ಯಾರ ಮಾತು ಖರೇ? ನಮ್ಮ ಮನಿಯಾಕಿದೂ ಒಂದು ಪ್ರಶ್ನೆ ಐತಿ: ಮಾಳಿಗಿ ಮ್ಯಾಲೆ ನಿಂತ್ರ ಮಗನ ವಿಮಾನ ಕಾಣಿಸ್ತೈತೇನು?"

ಉತ್ತರ: ಮಾಸ್ತರೇ, ನಿಮ್ಮ ಪತ್ರದಲ್ಲಿ ಮೇಲ್ನೋಟಕ್ಕೆ ಇರುವುದು ಪ್ಲಾಟಿನ ಪ್ರಶ್ನೆ. ಒಳಗಿರುವ ಚಿಂತೆ ಬೇರೆ: ಹಿರಿಯರ ಹೊಲ ಕೊಟ್ಟು ತಗೊಳ್ಳುವ ಜಾಗ, ಏಜಂಟ ಹೇಳಿದ ಮಾತಿನ ಮೇಲೆ ನಿಂತಿದೆಯೋ, ನೆಲದ ಮೇಲೆ ನಿಂತಿದೆಯೋ. ನಾನು ಮೂವತ್ತು ವರ್ಷ ವಿಮಾನ ನಿಲ್ದಾಣಗಳ ಸುತ್ತ ಗುಡ್ಡ, ಟವರು, ಮನೆಗಳ ಎತ್ತರ ಅಳೆಯುವ ಕೆಲಸ ಮಾಡಿ ಈಗ ಧಾರವಾಡದಲ್ಲಿ ಆರಾಮ ಕೂತವನು. ಜಮೀನಿನ ರೇಟು ಏರುತ್ತದೋ ಇಳಿಯುತ್ತದೋ ಹೇಳುವ ವಿದ್ಯೆ ನನ್ನದಲ್ಲ. ಆದರೆ ನಿಮ್ಮ ಏಜಂಟ, ಅಳಿಯ, ಕಾಕಾ ಮೂವರೂ ಹೇಳಿದ್ದರಲ್ಲಿ ಎಷ್ಟು ಕಾಳು, ಎಷ್ಟು ಹೊಟ್ಟು ಎಂದು ಕೇರಿ ಕೊಡಬಲ್ಲೆ.

ಕಾಕಾ ಅವರಿಂದ ಶುರು ಮಾಡೋಣ. ಬ್ರಿಟಿಷರ ಕಾಲದ್ದು ಎನ್ನುವುದು ಬೆಳಗಾವಿಯ ಕಥೆ. ಅಲ್ಲಿಯ ಸಾಂಬ್ರಾ ನಿಲ್ದಾಣವನ್ನು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿತು. ಅದಕ್ಕೂ ಹಿಂದೆ, 1932ರಲ್ಲಿ ಟಾಟಾ ಅವರ ಟಪಾಲು ವಿಮಾನ ಮುಂಬೈಯಿಂದ ಮದ್ರಾಸಿಗೆ ಹಾರಿದಾಗ ನಮ್ಮ ಸೀಮೆಯಲ್ಲಿ ಇಳಿದದ್ದು ಬಳ್ಳಾರಿಯಲ್ಲಿ. ಹುಬ್ಬಳ್ಳಿ ಆಗ ರೈಲಿನ ಊರು. ಇಲ್ಲಿಯ ವಿಮಾನ ನಿಲ್ದಾಣ ಕಟ್ಟಿದ್ದು ನಮ್ಮದೇ ರಾಜ್ಯದ ಲೋಕೋಪಯೋಗಿ ಇಲಾಖೆ, 1974ರಲ್ಲಿ. ವಿಮಾನ ನಿಲ್ದಾಣ ಪ್ರಾಧಿಕಾರ ಅದನ್ನು ವಹಿಸಿಕೊಂಡದ್ದು 1996ರಲ್ಲಿ. ಅಂದರೆ ಕಾಕಾ ಅವರ ಇತಿಹಾಸ ತಪ್ಪು. ಆದರೆ ಅವರ ಅನುಮಾನ ಸರಿ, ಬಂದ್ ಆಗುವುದು, ಚಾಲೂ ಆಗುವುದು ಈ ನಿಲ್ದಾಣದ ಜಾತಕದಲ್ಲೇ ಇದೆ. ಯಾಕೆ ಎಂದು ತಿಳಿದರೆ ಏಜಂಟನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದೂ ತಿಳಿಯುತ್ತದೆ.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದ್ದೀರಾ? 1,507 ಮೀಟರ್. ಜಗತ್ತಿನಲ್ಲೇ ಉದ್ದದ್ದು ಎಂದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಹಳೆಯ ಏರ್‌ಪೋರ್ಟಿನ ರನ್‌ವೇ ಇದ್ದದ್ದು ಸುಮಾರು 1,670 ಮೀಟರ್, ಅಗಲ 30 ಮೀಟರ್. ರೈಲು ನಿಲ್ಲುವ ಕಟ್ಟೆಗೂ ವಿಮಾನ ಓಡುವ ದಾರಿಗೂ ಒಂದೂವರೆ ನೂರು ಮೀಟರ್ ಚಿಲ್ಲರೆ ವ್ಯತ್ಯಾಸ, ಅಷ್ಟೇ. ಅಷ್ಟು ಗಿಡ್ಡ ಜಾಗದಿಂದ ಏಳಬಲ್ಲದ್ದು ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಸಣ್ಣ ವಿಮಾನ ಮಾತ್ರ.

ಅದಕ್ಕೇ 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾದಾಗ ಬೆಂಗಳೂರು-ಹುಬ್ಬಳ್ಳಿ ಅದರ ಮೊದಮೊದಲ ಮಾರ್ಗಗಳಲ್ಲಿ ಒಂದಾಯಿತು. ವಿಮಾನ ಎಟಿಆರ್-42, ಐವತ್ತಕ್ಕೆ ಎರಡು ಕಡಿಮೆ ಸೀಟು. ಧೋತರ ಉಟ್ಟ ಹತ್ತಿ ವ್ಯಾಪಾರಿ, ಹೈಕೋರ್ಟ್ ಕೆಲಸಕ್ಕೆ ಹೊರಟ ವಕೀಲ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ ಒಬ್ಬ ಅಜ್ಜ, ಇವರನ್ನೆಲ್ಲ ನಾನೇ ನೋಡಿದ್ದೇನೆ. ಆಮೇಲೆ ಡೆಕ್ಕನ್ನನ್ನು ಕಿಂಗ್‌ಫಿಷರ್ ಕೊಂಡಿತು, 2012ರಲ್ಲಿ ಕಿಂಗ್‌ಫಿಷರ್ರೇ ನೆಲ ಕಚ್ಚಿತು. ಬಳಿಕ ಸ್ಪೈಸ್‌ಜೆಟ್‌ನ ಕ್ಯೂ-400 ಬಂತು, ಅದೂ ಫ್ಯಾನಿನದ್ದೇ. ನೋಡಿ, ಇಲ್ಲಿ ನಿಲ್ದಾಣದ ತಪ್ಪೇನೂ ಇರಲಿಲ್ಲ. ರನ್‌ವೇ ಅಲ್ಲೇ ಇತ್ತು, ಗಾಳಿಚೀಲ ಅಲ್ಲೇ ಹಾರುತ್ತಿತ್ತು. ಎಲ್ಲೋ ಒಂದು ಕಂಪನಿಯ ಲೆಕ್ಕದ ಪುಸ್ತಕ ಮುಚ್ಚಿದರೆ ನಿಲ್ದಾಣವಿರುವ ಗೋಕುಲ ರಸ್ತೆಯ ಆಟೋದವರ ಅಂದಿನ ಗಳಿಕೆ ಮುಚ್ಚುತ್ತಿತ್ತು.

ದೊಡ್ಡ ಬದಲಾವಣೆ ಆದದ್ದು 2017ರ ಡಿಸೆಂಬರ್‌ನಲ್ಲಿ. 2,300 ಮೀಟರ್ ಉದ್ದ, 45 ಮೀಟರ್ ಅಗಲದ ರನ್‌ವೇ, ಜೊತೆಗೆ ಸುಮಾರು 3,600 ಚದರ ಮೀಟರಿನ ಟರ್ಮಿನಲ್. ಜೆಟ್ ಇಳಿಯಲು ದಾರಿಯಾಯಿತು. 2018ರ ಮಧ್ಯದ ಹೊತ್ತಿಗೆ ಸ್ಪೈಸ್‌ಜೆಟ್, ಇಂಡಿಗೊ ಎರಡೂ ಹಲವು ಊರುಗಳಿಗೆ ಹಾರಲು ಶುರು ಮಾಡಿದವು. 2019ರ ಜನವರಿಯಲ್ಲಿ ಸ್ಟಾರ್ ಏರ್ ಐವತ್ತು ಸೀಟಿನ ಎಂಬ್ರೇಯರ್ ಜೆಟ್ ತಂದಿತು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿ ಪಕ್ಕದ ಹಿಂಡನ್ ವಾಯುಪಡೆ ನೆಲೆಗೆ ನೇರ ಹಾರಾಟ. ಇದರಲ್ಲಿ ಬಹುಪಾಲು ಉಡಾನ್ ಯೋಜನೆಯ ಬಲದಿಂದ ಬಂದದ್ದು.

ಉಡಾನ್ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಏಜಂಟರು ಹೇಳದೆ ಬಿಡುವ ಭಾಗ ಇದೇ. 2016ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಸರ್ಕಾರ ಕಂಪನಿಗೆ ಹೇಳುವುದಿಷ್ಟು: ಇಂತಿಷ್ಟು ಸೀಟನ್ನು ಅಗ್ಗದ ದರಕ್ಕೆ ಕೊಡು (ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ), ಕಡಿಮೆ ಬಿದ್ದ ಹಣ ನಾವು ತುಂಬಿಕೊಡುತ್ತೇವೆ, ಇಂಧನದ ಮೇಲೆ ರಾಜ್ಯದ ತೆರಿಗೆ ಒಂದೇ ಪರ್ಸೆಂಟು, ಆ ಮಾರ್ಗದಲ್ಲಿ ಬೇರೆಯವರನ್ನು ಬಿಡುವುದಿಲ್ಲ. ಆದರೆ ಈ ಹಣದ ಆಸರೆ ಮೂರು ವರ್ಷಕ್ಕೆ ಮಾತ್ರ. ಬಾಣಂತಿಗೆ ತವರುಮನೆ ಆರೈಕೆ ಇದ್ದ ಹಾಗೆ, ಅವಧಿ ಮುಗಿದ ಮೇಲೆ ತನ್ನ ಕಾಲ ಮೇಲೆ ನಿಲ್ಲಬೇಕು. ಹುಬ್ಬಳ್ಳಿಗೆ ಆ ಮೂರು ವರ್ಷದ ನಡುವೆ ಕೊರೊನಾ ಬಂತು. 2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶದಲ್ಲೇ ಪ್ರಯಾಣಿಕ ವಿಮಾನ ಹಾರಲಿಲ್ಲ. ಅತ್ತ ಬೆಳಗಾವಿಗೂ 2019ರಲ್ಲಿ ಉಡಾನ್ ಸಿಕ್ಕಿತು. ಅದಕ್ಕೆ ಒಂದು ವರ್ಷ ಮುಂಚೆ ಬೆಳಗಾವಿಯ ಹಾರಾಟಗಳು ಹುಬ್ಬಳ್ಳಿಗೆ ಸರಿದಾಗ ಅಲ್ಲಿಯ ಮಂದಿ ಸಿಟ್ಟಾಗಿದ್ದರು. ಆಮೇಲೆ ಸಿಟ್ಟಾಗುವ ಪಾಳಿ ನಮ್ಮದು. ನೂರು ಕಿಲೋಮೀಟರ್ ಒಳಗೆ ಎರಡು ನಿಲ್ದಾಣ, ಅವೇ ವ್ಯಾಪಾರಿಗಳು, ಅವೇ ಕಾಲೇಜು ಹುಡುಗರು. ವಿಮಾನ ಕಂಪನಿಗೆ ಬೆಳಗಾವಿಯೂ ಒಂದೇ, ಹುಬ್ಬಳ್ಳಿಯೂ ಒಂದೇ. ಸೀಟು ಎಲ್ಲಿ ತುಂಬುತ್ತದೋ ಅಲ್ಲಿಗೆ ಹೋಗುತ್ತದೆ.

"ರಾಜಕಾರಣಿಗಳು ವಿಮಾನ ಕಸಗೊಂಡು ಹೋದರು" ಎಂದು ದುರ್ಗದ ಬೈಲಿನಲ್ಲಿ ಚಹಾ ಕುಡಿಯುತ್ತ ಮಾತಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಶಿವಮೊಗ್ಗ ನೋಡಿ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅಲ್ಲಿಯ ರನ್‌ವೇ ಮೂರು ಕಿಲೋಮೀಟರಿಗೂ ಮಿಕ್ಕಿದೆ, ನಮ್ಮದಕ್ಕಿಂತ ಮುಕ್ಕಾಲು ಕಿಲೋಮೀಟರ್ ಉದ್ದ. ಆದರೂ ಮೊದಲ ಪ್ರಯಾಣಿಕ ವಿಮಾನ ಬರಲು ಆರು ತಿಂಗಳು ಬೇಕಾಯಿತು, ಬಂದದ್ದೂ ಫ್ಯಾನಿನ ಎಟಿಆರ್. ಡಾಂಬರು ಹಾಕಿದ ಕೂಡಲೇ ವಿಮಾನ ಬರುವುದಿಲ್ಲ.

ಹುಬ್ಬಳ್ಳಿ-ಬೆಂಗಳೂರು ಮಾರ್ಗವನ್ನೇ ತಗೊಳ್ಳಿ. ಹಾರಾಟ ಒಂದು ತಾಸು. ಆದರೆ ಮನೆ ಬಿಟ್ಟು ಗೋಕುಲ ರಸ್ತೆಗೆ ಬಂದು, ಒಂದೂವರೆ ತಾಸು ಮೊದಲೇ ಕೂತು, ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಜಯನಗರ ಮುಟ್ಟುವಷ್ಟರಲ್ಲಿ ಐದು ತಾಸು ಆಗಿರುತ್ತದೆ. 2023ರ ಜೂನ್‌ನಿಂದ ವಂದೇ ಭಾರತ್ ರೈಲು ಧಾರವಾಡದಿಂದ ಬೆಂಗಳೂರಿಗೆ ಆರೂವರೆ ತಾಸಿನ ಆಸುಪಾಸಿನಲ್ಲಿ ಒಯ್ಯುತ್ತದೆ. ರಾತ್ರಿ ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಇಳಿಸುವ ರೈಲು, ಬಸ್ಸುಗಳಂತೂ ಇದ್ದೇ ಇವೆ. ಹಾಗಾಗಿ ಈ ಮಾರ್ಗದ ನಿಜವಾದ ಗಿರಾಕಿ, ಬೆಂಗಳೂರಿನಲ್ಲಿ ಇಳಿದು ಮತ್ತೊಂದು ವಿಮಾನ ಹತ್ತುವವನು. ಹುಬ್ಬಳ್ಳಿಗೆ ಗಟ್ಟಿ ಮಾರುಕಟ್ಟೆ ಇರುವುದು ದೂರದ ಊರುಗಳಿಗೆ: ಮುಂಬೈ, ದೆಹಲಿ, ಹೈದರಾಬಾದ್. 2022ರ ನವೆಂಬರ್‌ನಲ್ಲಿ ಇಂಡಿಗೊ ದೆಹಲಿಗೆ ನೇರ ಹಾರಾಟ ಶುರು ಮಾಡಿದ್ದು ಈ ಲೆಕ್ಕದ ಮೇಲೆಯೇ. ಮುಂಬೈಗೆ ಇದ್ದ ತೊಡಕು ಪ್ರಯಾಣಿಕರದ್ದಲ್ಲ, ಅಲ್ಲಿ ಇಳಿಯುವ ಸಮಯ, ಅಂದರೆ ಸ್ಲಾಟ್, ಸಿಗದಿರುವುದು. 2025ರ ಡಿಸೆಂಬರ್‌ನಲ್ಲಿ ನವಿ ಮುಂಬೈ ನಿಲ್ದಾಣದಿಂದ ಹಾರಾಟ ಶುರುವಾದ ಮೇಲೆ ಆ ಗಂಟು ಸಡಿಲಾಗುವ ಸಾಧ್ಯತೆ ಇದೆ. ನಿಮ್ಮ ಮಗನಿಗೆ ಅನುಕೂಲವಾಗುವುದಿದ್ದರೆ ಅದರಿಂದಲೇ, ಹುಬ್ಬಳ್ಳಿಯ ಹೊಸ ಕಟ್ಟಡದಿಂದಲ್ಲ.

ಇನ್ನು ಏಜಂಟ. ಹೊಸ ಟರ್ಮಿನಲ್ ಸುಳ್ಳಲ್ಲ. 2024ರ ಮಾರ್ಚ್ 10ರಂದು ಪ್ರಧಾನಿ ಹುಬ್ಬಳ್ಳಿ, ಬೆಳಗಾವಿ, ಕಡಪ ಮೂರರ ಹೊಸ ಟರ್ಮಿನಲ್‌ಗಳಿಗೆ ಒಟ್ಟಿಗೇ ಅಡಿಗಲ್ಲು ಹಾಕಿದರು. ಹುಬ್ಬಳ್ಳಿಯದು ಸುಮಾರು 20 ಸಾವಿರ ಚದರ ಮೀಟರಿನ ಯೋಜನೆ, ಈಗಿನದರ ಐದು ಪಟ್ಟಿಗೂ ಹೆಚ್ಚು. ಆದರೆ ಟರ್ಮಿನಲ್ ಎಂದರೆ ಮಂದಿ ಕೂಡುವ ಕಟ್ಟಡ. ಅದು ರನ್‌ವೇಗೆ ಒಂದು ಮೀಟರನ್ನೂ ಸೇರಿಸುವುದಿಲ್ಲ. ಇಂಟರ್‌ನ್ಯಾಷನಲ್ ಎನ್ನುವುದು ಕಟ್ಟಡಕ್ಕೆ ಬರುವ ಬಿರುದೂ ಅಲ್ಲ. ಕಸ್ಟಮ್ಸ್ ಬೇಕು, ಪಾಸ್‌ಪೋರ್ಟ್ ನೋಡುವ ಇಮಿಗ್ರೇಶನ್ ಬೇಕು, ಆರೋಗ್ಯ ತಪಾಸಣೆ ಬೇಕು, ಕೇಂದ್ರ ಸರ್ಕಾರದ ಘೋಷಣೆ ಬೇಕು. ಎಲ್ಲಕ್ಕಿಂತ ಮೊದಲು, ವಾರಕ್ಕೆ ಮೂರು ದಿನವಾದರೂ ದುಬೈಗೆ ಸೀಟು ತುಂಬುತ್ತದೆ ಎಂದು ನಂಬುವ ಒಂದು ಕಂಪನಿ ಬೇಕು.

ಇಲ್ಲಿ ಒಂದು ತಾಂತ್ರಿಕ ಮಾತು. ಮಂಗಳೂರಿನ ರನ್‌ವೇ 2,450 ಮೀಟರ್, ನಮ್ಮದಕ್ಕಿಂತ ಒಂದೂವರೆ ನೂರು ಮೀಟರ್ ಮಾತ್ರ ಉದ್ದ. ಅಲ್ಲಿಂದ 2006ರಿಂದಲೂ ಕೊಲ್ಲಿ ದೇಶಗಳಿಗೆ ಹಾರುತ್ತಾರಲ್ಲ, ಇಲ್ಲಿಂದ ಯಾಕಾಗದು ಎಂದು ಹಲವರು ಕೇಳುತ್ತಾರೆ. ಮಂಗಳೂರು ಸಮುದ್ರದ ಮಗ್ಗುಲಲ್ಲಿದೆ. ಹುಬ್ಬಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ 662 ಮೀಟರ್ ಮೇಲೆ. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಲು ಏರಿದಂತೆ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ, ನೆಲ ಬಿಡಲು ಹೆಚ್ಚು ಓಡಬೇಕು. ಯೋಜನೆ ಮಾಡುವಾಗ ನಾವು ಬಳಸುವ ರೂಢಿಯ ಲೆಕ್ಕ ಹೀಗಿದೆ: ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7, ಆ ಎತ್ತರಕ್ಕೆ ಇರಬೇಕಾದ ತಾಪಮಾನಕ್ಕಿಂತ ಏರಿದ ಪ್ರತಿ ಡಿಗ್ರಿಗೆ ಶೇ 1 ಉದ್ದ ಹೆಚ್ಚು ಬೇಕು. ಈ ಲೆಕ್ಕಕ್ಕೆ ಹಿಡಿದರೆ, ಏಪ್ರಿಲ್‌ನ 36 ಡಿಗ್ರಿ ಮಧ್ಯಾಹ್ನ ನಮ್ಮ 2,300 ಮೀಟರ್, ಸಮುದ್ರದಂಡೆಯ ತಂಪು ಹೊತ್ತಿನ 1,600 ಮೀಟರಿಗೆ ಸಮ. ನೀವು ಮಾಸ್ತರು, ಬೇಕಾದರೆ ಗುಣಾಕಾರ ಮಾಡಿ ನೋಡಿ. ಪೈಲಟ್ ಪ್ರತಿ ಹಾರಾಟಕ್ಕೂ ಮಾಡುವ ಲೆಕ್ಕ ಇದಕ್ಕಿಂತ ಸೂಕ್ಷ್ಮ, ಆದರೆ ದಿಕ್ಕು ಇದೇ. ಮುಂಬೈಗೆ ಹೋಗುವಾಗ ಇಂಧನ ಕಡಿಮೆ ಸಾಕು, ವಿಮಾನ ಹಗುರ, ತೊಂದರೆ ಇಲ್ಲ. ದುಬೈ ಎರಡು ಸಾವಿರ ಕಿಲೋಮೀಟರಿಗೂ ದೂರ. ಟ್ಯಾಂಕಿ ತುಂಬಿದ ವಿಮಾನ ಎದ್ದೇಳಬೇಕಾದರೆ ಕೆಲವು ಸೀಟೋ, ಬ್ಯಾಗುಗಳೋ ಇಲ್ಲೇ ಉಳಿಯಬೇಕು, ಇಲ್ಲವೇ ರಾತ್ರಿ ತಂಪಿನಲ್ಲಿ ಹಾರಬೇಕು. ಆಗದ ಕೆಲಸವೇನಲ್ಲ. ಆದರೆ ಎರಡು ವರ್ಷದಲ್ಲಿ ಆಗಿಯೇ ಆಗುತ್ತದೆ ಎಂದು ನಿಮ್ಮ ಹೊಲ ಮಾರಿಸುವಷ್ಟು ಖಾತ್ರಿಯ ಕೆಲಸವೂ ಅಲ್ಲ. ಪಕ್ಕದ ಗೋವಾದಲ್ಲಿ 2023ರ ಜನವರಿಯಿಂದ ಮೋಪಾ ಸೇರಿ ಎರಡು ನಿಲ್ದಾಣ ಆಗಿವೆ ಎನ್ನುವುದೂ ನೆನಪಿರಲಿ.

ಹೆಸರಿನ ಸುದ್ದಿ ಹೇಳಿಯೂ ಕೆಲವರು ರೇಟು ಏರಿಸುತ್ತಾರಂತೆ. ಹುಬ್ಬಳ್ಳಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಡಬೇಕೆಂದು 2023ರ ಡಿಸೆಂಬರ್‌ನಲ್ಲಿ ವಿಧಾನಸಭೆ ನಿರ್ಣಯ ಮಾಡಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಒಳ್ಳೆಯ ಹೆಸರು. ನಿಮ್ಮ ಪ್ಲಾಟಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಅಳಿಯಂದಿರ ಮೂರು ಮಾತು. ವಿಮಾನದ ಸಪ್ಪಳಕ್ಕೆ ಗೋಡೆ ಸೀಳುತ್ತದೆ ಎನ್ನುವುದು ಸುಳ್ಳು. ಇಳಿಯುವ ಪ್ರಯಾಣಿಕ ವಿಮಾನದ ಸದ್ದು ಕಿಟಕಿ ಗಾಜನ್ನು ನಡುಗಿಸೀತು, ಕಟ್ಟಿದ ಗೋಡೆ ಸೀಳಿಸದು. ಹುಬ್ಬಳ್ಳಿ ಸೀಮೆಯಲ್ಲಿ ಗೋಡೆ ಸೀಳುವುದು ಎರೆ ಮಣ್ಣಿನಿಂದ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುವ ಆ ಮಣ್ಣಿನ ಮೇಲೆ ಮೂರಡಿ ಪಾಯ ತೆಗೆದು ಮನೆ ಕಟ್ಟಿದರೆ, ಏರ್‌ಪೋರ್ಟಿನ ಪಕ್ಕ ಇರಲಿ, ಗದಗಿನ ವೀರನಾರಾಯಣನ ಗುಡಿಯ ಪಕ್ಕ ಇರಲಿ, ಸೀಳುತ್ತದೆ. ನಿಮ್ಮ ಹೊಲವೂ ಎರಿ ಅಂದಿರಿ, ನಿಮಗೆ ಹೇಳಬೇಕಾಗಿಲ್ಲ. ಪ್ಲಾಟಿನಲ್ಲಿ ಒಂದು ಗುಂಡಿ ತೋಡಿಸಿ ಗರಸು, ಅಂದರೆ ಗಟ್ಟಿ ನೆಲ, ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಆರಡಿಗೆ ಸಿಕ್ಕರೆ ಅಲ್ಲಿಯವರೆಗೆ ಪಾಯ ಇಳಿಸಿ, ಇನ್ನೂ ಆಳ ಇದ್ದರೆ ಎಂಜಿನಿಯರನ್ನು ಕೇಳಿ ಅಂಡರ್ ರೀಮ್ಡ್ ಪೈಲ್ (ತಳದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬ) ಹಾಕಿಸಿ. ಸದ್ದಿನ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮಜಲಿನ ಮಾತಿನಲ್ಲಿ ಅರ್ಧ ಸತ್ಯ ಇದೆ, ಇದು ನನ್ನ ಸ್ವಂತ ಕಸುಬು, ಹಾಗಾಗಿ ಉದ್ದ ಹೇಳುತ್ತೇನೆ. ನಿಲ್ದಾಣದ ಸುತ್ತ ಕಟ್ಟುವವರಿಗೆ 2015ರ ಎತ್ತರ ನಿರ್ಬಂಧದ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ಊರಿನ ಮೇಲೆ ಒಂದು ಬಣ್ಣದ ನಕ್ಷೆ ಇರುತ್ತದೆ. ಕೆಂಪು ಚೌಕದಲ್ಲಿ ಬಿದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ (ಅಭ್ಯಂತರವಿಲ್ಲ ಎನ್ನುವ ಪತ್ರ) ಇಲ್ಲದೆ ಪಾಲಿಕೆ ಪರವಾನಗಿ ಕೊಡುವಂತಿಲ್ಲ. ಬೇರೆ ಬಣ್ಣದಲ್ಲಿ ಬಿದ್ದರೆ ನಕ್ಷೆ ಹೇಳಿದ ಎತ್ತರದವರೆಗೆ ಪಾಲಿಕೆಯೇ ಕೊಡಬಹುದು. ಮಂದಿ ತಪ್ಪು ತಿಳಿಯುವುದು ಆ ಎತ್ತರದ ಅಂಕಿಯನ್ನು. ಅದು ನಿಮ್ಮ ಅಂಗಳದಿಂದ ಅಳೆದ ಎತ್ತರವಲ್ಲ, ಸಮುದ್ರ ಮಟ್ಟದಿಂದ ಅಳೆದದ್ದು. ಜಾಗ ದಿಬ್ಬದ ಮೇಲಿದ್ದರೆ ದಿಬ್ಬವೇ ನಿಮ್ಮ ಪಾಲಿನ ಎತ್ತರವನ್ನು ತಿಂದುಹಾಕಿರುತ್ತದೆ.

ನಿಮ್ಮ ಪ್ಲಾಟಿನ ಲೆಕ್ಕ ಹಾಕೋಣ. ರನ್‌ವೇ ತುದಿಯಾಚೆ 60 ಮೀಟರ್ ಬಿಟ್ಟು, ವಿಮಾನ ಇಳಿದು ಬರುವ ದಾರಿಯಡಿ ಕಣ್ಣಿಗೆ ಕಾಣದ ಒಂದು ಇಳಿಜಾರು ಚಾವಣಿ ಶುರುವಾಗುತ್ತದೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುತ್ತದೆ. ಒಂದೂವರೆ ಕಿಲೋಮೀಟರಿನಲ್ಲಿ ಅದರ ಎತ್ತರ, ರನ್‌ವೇ ತುದಿಯ ಮಟ್ಟದಿಂದ 28 ಮೀಟರ್ ಚಿಲ್ಲರೆ. ನಿಮ್ಮ ಜಾಗ ರನ್‌ವೇಗಿಂತ 15 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ, ಉಳಿಯುವುದು 13 ಚಿಲ್ಲರೆ. ಕೆಳಮನೆ, ಮೇಲೊಂದು ಮಜಲು, ಜಿನ್ನಿ (ಮೆಟ್ಟಿಲು) ಮೇಲಿನ ಕೋಣೆ, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು ಎಲ್ಲ ಸೇರಿ ಹತ್ತೂವರೆ, ಹನ್ನೊಂದು ಮೀಟರ್. ಆಯಿತು. ಇನ್ನೊಂದು ಮಜಲು ಕಟ್ಟಿ ಬಾಡಿಗೆಗೆ ಕೊಡುತ್ತೇನೆ ಎಂದರೆ ಆಗಲಿಕ್ಕಿಲ್ಲ. ಆದರೆ ಇದು ರನ್‌ವೇಯ ನೇರ ರೇಖೆಯಿಂದ ಎಡಬಲಕ್ಕೆ ಸುಮಾರು 350 ಮೀಟರ್ ಒಳಗೆ ಇದ್ದರೆ ಮಾತ್ರ. ಪ್ಲಾಟು ಅದಕ್ಕಿಂತ ಪಕ್ಕಕ್ಕೆ ಸರಿದಂತೆ ಆ ಚಾವಣಿ ಬೇಗಬೇಗ ಮೇಲೇರಿ, ನಿಲ್ದಾಣದ ಮಟ್ಟದಿಂದ 45 ಮೀಟರಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಎರಡು ಮಜಲಲ್ಲ, ನಾಲ್ಕು ಕಟ್ಟಿದರೂ ವಿಮಾನದವರ ತಕರಾರು ಇರಲಿಕ್ಕಿಲ್ಲ. ಒಂದೇ ಲೇಔಟಿನ ಈ ತುದಿಗೂ ಆ ತುದಿಗೂ ಇಷ್ಟು ವ್ಯತ್ಯಾಸ ಬರಬಹುದು. ಏಜಂಟ ತೋರಿಸಿದ್ದು ಯಾವ ತುದಿ, ಅದನ್ನು ಮೊದಲು ತಿಳಕೊಳ್ಳಿ. ನಾನು ಹೇಳಿದ್ದು ಅಂದಾಜು, ಅಂತಿಮ ಮಾತು ಪ್ರಾಧಿಕಾರದ ಪತ್ರದ್ದೇ.

ಇನ್ನೊಂದು ಊರಿನಲ್ಲಿ ನಡೆದದ್ದು. ಒಬ್ಬ ಗೃಹಸ್ಥರು ನಿಯಮದಂತೆ ಎನ್‌ಒಸಿ ತಗೊಂಡೇ ಮನೆ ಕಟ್ಟಿದ್ದರು. ನಾನು ಉಪಕರಣ ಇಟ್ಟು ಅಳೆದಾಗ ಒಂದು ಮೀಟರ್ 20 ಸೆಂಟಿಮೀಟರ್ ಹೆಚ್ಚು ಬಂತು. ಮನೆ ಸರಿಯಾಗಿಯೇ ಇತ್ತು, ಅದರ ಮೇಲೆ ಗೌಂಡಿಯ ಮಾತು ಕೇಳಿ ನೀರಿನ ಒತ್ತಡ ಹೆಚ್ಚಲೆಂದು ಟ್ಯಾಂಕಿಗೆ ಕಟ್ಟೆ ಎಬ್ಬಿಸಿದ್ದರು. ಯಜಮಾನರು ನನ್ನೆದುರೇ ಟ್ಯಾಂಕು ಖಾಲಿ ಮಾಡಿಸಿ, ಕಟ್ಟೆ ಒಡೆಸಿದರು. ಎನ್‌ಒಸಿಯಲ್ಲಿ ಬರೆದ ಎತ್ತರ ಎಂದರೆ ಟ್ಯಾಂಕು, ಆಂಟೆನಾ, ಸಿಡಿಲಿನ ಸಲಾಕೆ ಎಲ್ಲ ಸೇರಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಜಾಗದ ಅಕ್ಷಾಂಶ-ರೇಖಾಂಶ ಮತ್ತು ನೆಲದ ಮಟ್ಟದ ಪ್ರಮಾಣಪತ್ರ ಬೇಕಾಗುತ್ತದೆ. ಪತ್ರಕ್ಕೆ ಅವಧಿಯೂ ಇರುತ್ತದೆ, ತಗೊಂಡು ಕಪಾಟಿನಲ್ಲಿಟ್ಟು ಮರೆಯಬೇಡಿ.

ಜಾಗ ಕಸಗೊಳ್ಳುವ ಮಾತು. ರನ್‌ವೇ ಉದ್ದ ಆಗಬೇಕೆಂಬ ಬೇಡಿಕೆ ಹುಬ್ಬಳ್ಳಿಯಲ್ಲಿ ಇದೆ, ಇರುವುದು ಸಹಜ. ಆದರೆ ಬೇಡಿಕೆ ಬೇರೆ, ಪ್ರಸ್ತಾವ ಬೇರೆ, ಅಧಿಸೂಚನೆ ಬೇರೆ. ಮೊದಲೆರಡು ಪತ್ರಿಕೆಯಲ್ಲಿ ಬರುತ್ತವೆ, ಮೂರನೆಯದು ನಿಮ್ಮ ಸರ್ವೆ ನಂಬರಿಗೆ ಬರುತ್ತದೆ. ಆ ನಂಬರು ಹಿಡಿದು ಮೂಲ ಜಮೀನಿನ ಉತಾರ (ಪಹಣಿ) ತೆಗೆಸಿ 11ನೇ ಕಾಲಂ ನೋಡಿ, ಋಣ, ತಕರಾರು, ಸ್ವಾಧೀನದ ನಮೂದು ಅಲ್ಲಿ ಇರಬೇಕು. ಕೆಲವೊಮ್ಮೆ ನಮೂದು ತಡವಾಗುತ್ತದೆ, ಅದಕ್ಕೆ ಧಾರವಾಡದ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಕಚೇರಿಯಲ್ಲಿ ಸ್ವಾಧೀನಕ್ಕೆ 28(1)ರ ಪ್ರಾಥಮಿಕ ಅಧಿಸೂಚನೆ ಏನಾದರೂ ಆಗಿದೆಯೇ ಎಂದು ಲಿಖಿತವಾಗಿ ಕೇಳಿ. ಉತ್ತರ ಬರಲು ತಿಂಗಳಾದರೂ ಪರವಾಗಿಲ್ಲ. ಮುಂದೆಂದೋ ರನ್‌ವೇ ಬೆಳೆದರೆ ಅದು ಬೆಳೆಯುವುದು ತುದಿಯಿಂದಲೇ, ನೇರ ರೇಖೆಯಲ್ಲೇ. ಆದ್ದರಿಂದ ಆ ರೇಖೆಯ ಮೇಲಿನ ಪ್ಲಾಟಿಗೆ ಸ್ವಾಧೀನದ ಭಯ, ಎತ್ತರದ ಕಟ್ಟು, ಸದ್ದು ಮೂರೂ ಒಟ್ಟಿಗೆ ಅಂಟಿಕೊಂಡಿವೆ. ಪಕ್ಕಕ್ಕೆ ಅರ್ಧ ಕಿಲೋಮೀಟರ್ ಸರಿದರೆ ಮೂರೂ ಒಟ್ಟಿಗೆ ಇಳಿಯುತ್ತವೆ.

ಇಷ್ಟು ಹೇಳಿದ ಮೇಲೂ ನನಗೆ ಹೆಚ್ಚು ಹೆದರಿಕೆ ಇರುವುದು ವಿಮಾನದ್ದಲ್ಲ, ಗುಂಟಾ ಪ್ಲಾಟಿನದ್ದು. ಎನ್‌ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ, ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಬಾಂಡ್ ಪೇಪರಿನ ಮೇಲೆ ಬರೆದುಕೊಡುವ ಕೆಲಸ ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಹೊಸದಲ್ಲ. ಅಂಥ ಜಾಗಕ್ಕೆ ಹುಡಾದ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ, ಲೇಔಟ್ ಮಂಜೂರಾತಿ ಇರುವುದಿಲ್ಲ, ಪಾಲಿಕೆ ಕಟ್ಟಡ ಪರವಾನಗಿ ಕೊಡುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಏರ್‌ಪೋರ್ಟಿನ ಎನ್‌ಒಸಿ ಸಿಕ್ಕಿತು ಎಂದು ಪ್ಲಾಟು ಸಕ್ರಮ ಆಗುವುದೂ ಇಲ್ಲ, ಅದು ಎತ್ತರಕ್ಕೆ ಮಾತ್ರ ಸಂಬಂಧಿಸಿದ ಕಾಗದ. ಏಜಂಟ ಈ ಎರಡನ್ನೂ ಕಲಸಿ ಮಾತಾಡಿದರೆ ಅಲ್ಲಿಂದ ಎದ್ದು ಬನ್ನಿ, ಚಹಾ ಕುಡಿದಿದ್ದರೆ ರೊಕ್ಕ ನೀವೇ ಕೊಟ್ಟು ಬನ್ನಿ.

ನಿಮ್ಮ ಮುಂದಿರುವ ದಾರಿಗಳು ನನಗೆ ಕಂಡಂತೆ ಹೀಗಿವೆ. ಎರಡೂವರೆ ಎಕರೆ ಪೂರ್ತಿ ಮಾರಿ ಎರಡು ಪ್ಲಾಟು ತಗೊಳ್ಳುವುದು ಎಲ್ಲಕ್ಕಿಂತ ಅಪಾಯದ್ದು. ಎರಡನೇ ಪ್ಲಾಟು ನಿಂತಿರುವುದು ಪೂರ್ತಿ ಏಜಂಟನ ಮಾತಿನ ಮೇಲೆ, ಅದಕ್ಕೆ ಹೊಲದ ಹಾಗೆ ವರ್ಷಕ್ಕೊಮ್ಮೆ ಕಡಲೆಯೂ ಬರುವುದಿಲ್ಲ, ಜೋಳವೂ ಬರುವುದಿಲ್ಲ. ಅರ್ಧ ಹೊಲ ಮಾರಿ, ಹುಡಾ ಮಂಜೂರಾತಿ ಇರುವ ಲೇಔಟಿನಲ್ಲಿ, ರನ್‌ವೇ ರೇಖೆಯಿಂದ ಪಕ್ಕಕ್ಕಿರುವ ಒಂದೇ ಪ್ಲಾಟು ತಗೊಂಡು ಮನೆ ಕಟ್ಟುವುದು ನಡುವಿನ ದಾರಿ. ರೇಟು ಸ್ವಲ್ಪ ಜಾಸ್ತಿ ಆದೀತು, ಸಿಗುವುದು ಒಂದೇ ಆದೀತು. ಏರ್‌ಪೋರ್ಟ್ ಇಲ್ಲದಿದ್ದರೂ ಈ ಜಾಗಕ್ಕೆ ಇಷ್ಟು ಕೊಡುತ್ತಿದ್ದೆನಾ ಎಂದು ನೀವೇ ಕೇಳಿಕೊಳ್ಳಿ. ಹೌದು ಎಂದರೆ ತಗೊಳ್ಳಿ. ಮೂರನೆಯದು, ಒಂದು ವರ್ಷ ಕಾಯುವುದು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಎರಡು ಪಟ್ಟಿ ಕಣ್ಣಾರೆ ನೋಡಿ, ಮುಂಬೈ ಹಾರಾಟ ದಿನಾಲು ಇದೆಯೋ, ವಾರಕ್ಕೆ ಮೂರಾಗಿದೆಯೋ ಗೊತ್ತಾಗುತ್ತದೆ. ಅಷ್ಟರಲ್ಲಿ ರೇಟು ಏರಿಬಿಟ್ಟರೆ ಎನ್ನುವ ಅಳುಕು ಸಹಜ, ಆ ಅಳುಕೇ ಏಜಂಟನ ಬಂಡವಾಳ. ಮಗನಿಗೆ ಊರಿಗೆ ಬರಲು ಅನುಕೂಲವಾಗಲಿ ಎನ್ನುವುದಷ್ಟೇ ಉದ್ದೇಶವಾಗಿದ್ದರೆ ನಾಲ್ಕನೆಯದೂ ಇದೆ: ಗದಗಿನಿಂದ ಹುಬ್ಬಳ್ಳಿ ಅರವತ್ತು ಕಿಲೋಮೀಟರಿನ ದಾರಿ, ನಿಮ್ಮ ಮನೆ ಎಲ್ಲಿದೆಯೋ ಅಲ್ಲೇ ಇರಲಿ.

ಇನ್ನು ಅಕ್ಕಾವರ ಪ್ರಶ್ನೆ. ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ವಿಮಾನ ಇಳಿಯುವುದೂ ಏರುವುದೂ ಗಾಳಿಗೆ ಎದುರಾಗಿ. ಹುಬ್ಬಳ್ಳಿಯ ರನ್‌ವೇ ಪೂರ್ವ-ಪಶ್ಚಿಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರಿರುವಾಗ ವಿಮಾನಗಳು ಹೆಚ್ಚಾಗಿ ಊರಿನ ಕಡೆಯಿಂದ ಬಂದು ಇಳಿದು, ನಿಮ್ಮ ಪ್ಲಾಟಿನ ಕಡೆ ಮುಖ ಮಾಡಿ ಏರುತ್ತವೆ. ಆಗ ಮಗ ಬರುವುದು ಕಾಣದು, ಹೋಗುವುದು ಕಾಣುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸಿದಾಗ ತಿರುವುಮುರುವು. ಇಳಿಯುವ ವಿಮಾನ ನಿಮ್ಮ ಮಾಳಿಗೆಯ ಕಡೆಯಿಂದಲೇ ಬರುತ್ತದೆ. ಪ್ಲಾಟು ನೇರ ರೇಖೆಯ ಮೇಲಿದ್ದರೆ ಒಂದೂವರೆ ಕಿಲೋಮೀಟರಿನಲ್ಲಿ ಅದರ ಎತ್ತರ ರನ್‌ವೇ ಮಟ್ಟದಿಂದ ತೊಂಬತ್ತು, ತೊಂಬತ್ತೈದು ಮೀಟರ್ ಮಾತ್ರ. ಗಾಲಿಗಳು ಎಣಿಸಲು ಬರುತ್ತವೆ, ಕಿಟಕಿಗಳ ಸಾಲು ಕಾಣುತ್ತದೆ, ಆದರೆ ಆ ಅರ್ಧ ನಿಮಿಷ ಪಕ್ಕದಲ್ಲಿ ನಿಂತವರ ಮಾತು ಕೇಳಿಸದು, ಒಣಹಾಕಿದ ಹಪ್ಪಳದ ಮೇಲೆ ಕೂತ ಗುಬ್ಬಿಗಳೆಲ್ಲ ಎದ್ದುಹೋಗುತ್ತವೆ. ಪಕ್ಕಕ್ಕೆ ಅರ್ಧ ಕಿಲೋಮೀಟರ್ ಸರಿದ ಪ್ಲಾಟಿನಿಂದ ಗಾಲಿ ಎಣಿಸಲಿಕ್ಕಾಗದು. ಬಾಲದ ಮೇಲಿನ ಬಣ್ಣ ನೋಡಿ ಯಾವ ಕಂಪನಿಯದು ಎಂದು ಹೇಳುವಷ್ಟು ಕಾಣುತ್ತದೆ, ಮಾತಾಡುತ್ತಲೇ ನೋಡಬಹುದು. ದುಡ್ಡು ಕೊಡುವ ಮೊದಲು ಜನವರಿಯಲ್ಲಿ ಒಂದು ದಿನ ಇಬ್ಬರೂ ಬನ್ನಿ, ಮುಂಬೈ ವಿಮಾನದ ವೇಳೆ ನೋಡಿಕೊಂಡು ಎರಡೂ ಕಡೆ ಅರ್ಧರ್ಧ ತಾಸು ನಿಂತು ನೋಡಿ. ಬುತ್ತಿ ಕಟ್ಟಿಕೊಂಡು ಬನ್ನಿ, ವಿಮಾನ ತಡವಾಗಿ ಬರುವುದೂ ಉಂಟು.